ಮೂರು ಅಡಿಯ ಸಂದು

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಬಸ್ಸು ಹೊನ್ನೇಕೊಪ್ಪಲಿನ ಹತ್ತಿರ ಪಂಕ್ಚರ್ ಆಗಿ ನಿಂತಿತು. ಜನ ಇಳಿದು ನೆರಳು ಹುಡುಕಿಕೊಂಡರು. ನಾನು ಕೂತೇ ಇದ್ದೆ. ತೊಡೆಯ ಮೇಲೆ ಆ ದಿನದ ಪೇಪರು. ಬಡವರ ಕೈಗೆಟುಕುವ ಮನೆಗಳು ಹೆಚ್ಚು ಹೆಚ್ಚು ಏಳಲೆಂದು ಸಾಗುವಳಿ ಜಮೀನಿನ ನಿಯಮಗಳನ್ನು ಸರ್ಕಾರ ಸಡಿಲಿಸುತ್ತದಂತೆ, ಇಂಥ ಹೆಜ್ಜೆ ಇದೇ ಮೊದಲಂತೆ. ಇದೇ ಮೊದಲು ಎಂಬ ಮಾತನ್ನು ಇನ್ನೊಮ್ಮೆ ಓದುತ್ತಿದ್ದಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು.

ರಸ್ತೆಯಾಚೆ ಯಾರೋ ಗೋಡೆಗೆಂದು ಮಣ್ಣು ನೆನೆಹಾಕಿದ್ದರು. ರಾಗಿ ಹುಲ್ಲಿನ ಚೂರು ಬೆರೆಸಿ, ನೀರು ಬಿಟ್ಟು, ದಿನಗಟ್ಟಲೆ ಹಾಗೇ ಬಿಟ್ಟ ಮಣ್ಣು ಹುಳಿಯಾಗುತ್ತದೆ. ಹುಳಿಯಾದ ಮಣ್ಣೇ ಗೋಡೆಗೆ ಒದಗುವುದು. ಆ ವಾಸನೆಗೆ ನೆನಪು ಉಕ್ಕಿ ಬಂತು ಎಂದು ಬರೆದುಬಿಡುವುದು ಸುಲಭ. ಉಕ್ಕಿ ಬಂದದ್ದು ಸಿಟ್ಟು. ನೆನಪನ್ನು ನಾನು ಆಮೇಲೆ ಕೂತು ಜೋಡಿಸಿಕೊಂಡೆ, ಆದ್ದರಿಂದ ಅದರ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಸಿಟ್ಟಿನ ಮೇಲೆ ಇದೆ.

ಅದು ಭಾಷಾವಾರು ರಾಜ್ಯವಾದ ವರ್ಷವೋ ಅದರ ಮರುವರ್ಷವೋ. ಶಾಲೆಗೆ ಹೊಸ ಭೂಪಟ ಬಂದದ್ದು, ಹಳೆಯದನ್ನು ಸುರುಳಿ ಸುತ್ತಿ ಮೂಲೆಗಿಟ್ಟದ್ದು ನೆನಪಿದೆ. ಅದು ನಾನು ಹೇಳಹೊರಟ ಮಳೆಗಾಲದಲ್ಲೇ ಎಂದು ಆಣೆ ಮಾಡಲಾರೆ. ನಾನು ಕೃಷ್ಣರಾಜನಗರದ ಕಡೆಯವಳು, ನಾಲೆಯ ನೀರು ನೋಡುತ್ತ ಬೆಳೆದವಳು. ಟ್ರೈನಿಂಗ್ ಮುಗಿಸಿದ ಮೇಲೆ ಮೊದಲು ಹಾಕಿದ್ದು ಹೊನ್ನೇಕೊಪ್ಪಲಿನ ಒಂದು ಕೋಣೆಯ ಶಾಲೆಗೆ. ಊರಿಗೆಲ್ಲ ನಾನು ಟೀಚರಮ್ಮ. ಊಟ, ವಸತಿ ನಂಜುಂಡಪ್ಪನವರ ಮನೆಯ ಜಗಲಿ ಕೋಣೆಯಲ್ಲಿ. ಊರಿನ ಮಳೆಯಾಶ್ರಯದ ಖುಷ್ಕಿ ಹೊಲಗಳಲ್ಲಿ ಅರ್ಧ ಅವರದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಯಾರ ಮೇಲೂ ಏರದ ದನಿ. ನನ್ನನ್ನು ತಾಯೀ ಎಂದು ಕರೆಯುತ್ತಿದ್ದರು, ನಾನು ಉಣ್ಣುವ ಮೊದಲು ಉಣ್ಣುತ್ತಿರಲಿಲ್ಲ. ಅವರನ್ನು ಮೊದಲಿನಿಂದಲೇ ಕೆಟ್ಟವರನ್ನಾಗಿ ಬರೆದರೆ ಈ ಬರಹ ಚೊಕ್ಕಟವಾಗುತ್ತದೆ. ಅವರು ಹಾಗಿರಲಿಲ್ಲ.

ಕೊಪ್ಪಲಿನಲ್ಲಿ ಮನೆ ಕಟ್ಟಲು ಜಾಗವಿರಲಿಲ್ಲ. ಖಾಲಿ ನೆಲ ಕಣ್ಣು ಹರಿಯುವಷ್ಟು ದೂರ ಇತ್ತು, ಆದರೆ ಅದೆಲ್ಲ ಹೊಲ. ಹೊಲದಲ್ಲಿ ಬೆಳೆ ಇರಬೇಕು, ಮನೆ ಇರಕೂಡದು. ಮನೆಗಳೇನಿದ್ದರೂ ಊರ ನಡುವೆ ಯಾವ ಕಾಲದಲ್ಲೋ ಗುರುತು ಹಾಕಿದ ಗ್ರಾಮಠಾಣದೊಳಗೆ. ಅದು ಯಾವತ್ತೋ ತುಂಬಿಹೋಗಿತ್ತು. ಮೂರು ತಲೆಮಾರು ಒಂದೇ ಪಡಸಾಲೆಯಲ್ಲಿ ಮಲಗುತ್ತಿತ್ತು. ಬೋರಯ್ಯ ಎಂಬ ಕೂಲಿಯವನು ಅಣ್ಣನ ಹೊಲದ ಬದುವಿನಲ್ಲಿ ಗುಡಿಸಲು ಹಾಕಿ ಜುಲ್ಮಾನೆ ಕಟ್ಟಿದ್ದ, ಗುಡಿಸಲನ್ನು ತಾನೇ ಕಿತ್ತಿದ್ದ. ಅದನ್ನೇ ನಗೆಚಾಟಿಕೆ ಮಾಡಿಕೊಂಡು ಊರೆಲ್ಲ ಹೇಳುತ್ತಿದ್ದ: "ಆ ವಲದಲ್ಲಿ ರಾಗಿ ಮಲಗ್ಬೌದಂತೆ ಕಣ್ಲಾ, ಬೋರ ಮಲಗಂಗಿಲ್ವಂತೆ."

ದೇವೀರಮ್ಮನಿಗೆ ಬದುವೂ ಇರಲಿಲ್ಲ. ಅವಳ ಗಂಡ ಸಣ್ಣಯ್ಯ ನಂಜುಂಡಪ್ಪನವರ ಬ್ಯಾರನ್ನಿಗೆ ಬೆಂಕಿ ಹಾಕುವವನು. ಹೊಗೆಸೊಪ್ಪನ್ನು ನೇತುಹಾಕಿ ಬಿಸಿಯಲ್ಲಿ ಹದ ಮಾಡುವ ಆ ಎತ್ತರದ, ಕಿಟಕಿಯಿಲ್ಲದ ಕಟ್ಟಡಕ್ಕೆ ಆನಿಸಿದ ಇಳಿಜಾರು ಮಾಡೇ ಅವರ ಮನೆ. ಮಳೆಗಾಲ ಬಂದು ಹೊಲದಿಂದ ಹಸಿ ಸೊಪ್ಪು ಇಳಿಯತೊಡಗಿದರೆ ಆ ಮಾಡು ಸೊಪ್ಪಿಗೆ ಬೇಕು. ಹಾಗಾಗಿ ಪ್ರತಿ ವರ್ಷ ಮಳೆ ಜೋರಾಗುವ ಹೊತ್ತಿಗೇ ಗಂಡ, ಹೆಂಡತಿ, ಮುದಿ ಅತ್ತೆ ಮೂವರೂ ಹೊರಗೆ. ಆ ವರ್ಷ ಅವರು ಬಂದದ್ದು ನನ್ನ ಶಾಲೆಯ ಜಗಲಿಗೆ. ಜಗಲಿಯಲ್ಲಿ ಅಡುಗೆ ಮಾಡಬಾರದೆಂಬ ನಿಯಮವಿತ್ತು, ನಾನು ಅದನ್ನು ಹೇಳಿಯೂ ಹೇಳಿದೆ. ಅವಳು ತಲೆಯಾಡಿಸಿ, ಕಂಕುಳಲ್ಲಿದ್ದ ಗಂಟು ಬಿಚ್ಚಿ, ಒಲೆಯ ಮೂರು ಗುಂಡುಕಲ್ಲುಗಳನ್ನು ಮಕ್ಕಳ ಚಪ್ಪಲಿ ಬಿಡುವ ಜಾಗದಲ್ಲಿ ಹೂಡಿದಳು. ಲಕ್ಷ್ಮಣತೀರ್ಥದ ಹೊಳೆಯಿಂದ ಮದುವೆಯಾದ ಹೊಸದರಲ್ಲಿ ಆರಿಸಿ ತಂದವಂತೆ. ಸುಟ್ಟು ಸುಟ್ಟು ಕಪ್ಪಾಗಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು.

"ಇವು ನನಗಿಂತ ಜಾಸ್ತಿ ನಡ್ದವೆ ಕಣವ್ವ ಟೀಚರಮ್ಮ," ಎಂದಳು. "ಒಂದ್ಕಡೆ ಕುಂಡ್ರುಸ್ಬೇಕು ಇವನ್ನ. ಆಮೇಲೆ ಎತ್ತಬಾರ್ದು. ಅಷ್ಟೇಯ ನನ್ನ ಆಸೆ."

ಆ ಮಳೆಗಾಲವೆಲ್ಲ ಮಕ್ಕಳು ಅವಳ ಬಸ್ಸಾರಿನ ವಾಸನೆಯಲ್ಲಿ ಮಗ್ಗಿ ಕಲಿತರು. ಮಧ್ಯಾಹ್ನದ ಹೊತ್ತಿಗೆ ಯಾವ ಮಗುವಿಗೂ ಲೆಕ್ಕ ಹತ್ತುತ್ತಿರಲಿಲ್ಲ. ನನಗೂ ಹತ್ತುತ್ತಿರಲಿಲ್ಲ.

ಡಂಗುರ ಸಾರಿದ್ದು ಅದೇ ಮಳೆಯಲ್ಲಿ. ತಳವಾರ ಕಂಬಳಿಯ ಗೊಪ್ಪೆ ಹೊದ್ದು, ತಮಟೆಯನ್ನು ಎದೆಗವುಚಿಕೊಂಡು ಬಂದಿದ್ದ. ಚರ್ಮ ನೆನೆದು ಸದ್ದೇ ಏಳುತ್ತಿರಲಿಲ್ಲ. ಅವನು ಕೂಗಿದ್ದು ಇಷ್ಟು: ಊರಿಗೆ ಅಂಟಿದ ಖುಷ್ಕಿ ಹೊಲದಲ್ಲಿ, ಹೊಲದವರು ಒಪ್ಪಿದರೆ, ಬಡವರು ಸಣ್ಣ ಮನೆ ಕಟ್ಟಿಕೊಳ್ಳಬಹುದು. ಕಟ್ಟಿದವರ ಹೆಸರಿಗೇ ಮನೆ, ಮನೆ ನಿಂತ ನೆಲ. ಯುಗಾದಿಯ ಒಳಗೆ ಮನೆ ಎದ್ದು ಒಲೆ ಉರಿದಿರಬೇಕು. ಒಲೆಯ ಮಾತು ಹುಕುಮಿನಲ್ಲಿತ್ತೋ ತಳವಾರ ತಾನೇ ಸೇರಿಸಿದನೋ ತಿಳಿಯದು. ಅವನಾದರೂ ಆ ಊರಿನವನೇ. ಆ ಹುಕುಮಿಗೆ ಷರತ್ತುಗಳಿದ್ದವು. ಷರತ್ತುಗಳನ್ನು ಯಾರೂ ಡಂಗುರ ಹೊಡೆಸುವುದಿಲ್ಲ. ಕೊಡುವುದನ್ನು ಬೀದಿಯಲ್ಲಿ ಕೂಗಿಸುತ್ತಾರೆ, ಕಿತ್ತುಕೊಳ್ಳುವುದನ್ನು ಬೀರುವಿನಲ್ಲಿಡುತ್ತಾರೆ. ಆ ಕಾಗದ ನಮ್ಮ ಊರಿಗೆ ಬರಲೇ ಇಲ್ಲ.

ನಂಜುಂಡಪ್ಪನವರು ಊರ ಹೊರಗಿನ, ರಸ್ತೆ ಪಕ್ಕದ ಕಲ್ಲುಹೊಲವನ್ನು ಕೊಡುತ್ತೇನೆ ಎಂದರು. ಅಲ್ಲಿ ಹುರುಳಿಯೂ ಸರಿಯಾಗಿ ಬರುತ್ತಿರಲಿಲ್ಲ ನಿಜ. ಆದರೂ ಕೊಡುತ್ತೇನೆಂದು ಬಾಯಿಬಿಟ್ಟು ಅಂದವರು ಅವರೊಬ್ಬರೇ. ದುಡ್ಡು ಬೇಡ, ಆ ವರ್ಷದ ಬ್ಯಾರನ್ ಮುಗಿಯುವ ತನಕ ಕೂಲಿಯಿಲ್ಲದೆ ದುಡಿದುಕೊಟ್ಟರೆ ಸಾಕು, ಅಲ್ಲಿಗೆ ಚುಕ್ತಾ ಎಂದರು. ಹನ್ನೊಂದು ಸಂಸಾರ ಒಪ್ಪಿದವು. ದೇವೀರಮ್ಮ ಎಲ್ಲರಿಗಿಂತ ಮೊದಲು. ಮಳೆ ಕಡಿಮೆಯಾಗುವ ತನಕ ಅವರು ಸೊಪ್ಪು ಮುರಿದರು, ಕಡ್ಡಿಗೆ ಕಟ್ಟಿದರು, ಏಣಿ ಹತ್ತಿ ನೇತುಹಾಕಿದರು, ಸರದಿಯ ಮೇಲೆ ಬೆಂಕಿ ಕಾಯ್ದರು. ಅಂಗೈಗೆ ಅಂಟಿದ ಸೊಪ್ಪಿನ ಜಿಗುಟು ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ಮುದ್ದೆಯೂ ಕಹಿ.

ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಮಣ್ಣಿನ ಕೆಲಸ. ನಾನು ಶಾಲೆ ಬಿಟ್ಟೊಡನೆ ಅಲ್ಲಿಗೆ ಹೋಗುತ್ತಿದ್ದೆ. ಗುಂಡಿ ತೋಡಿ ಮಣ್ಣು ನೆನೆಹಾಕಿ, ಹುಳಿ ಬಂದ ಮೇಲೆ ಹೆಂಗಸರು ಗಂಡಸರು ಸಾಲಾಗಿ ನಿಂತು ತುಳಿಯುವರು. ಮೊಣಕಾಲುದ್ದ ಗೋಡೆ ಇಟ್ಟು, ಅದು ಒಣಗುವ ತನಕ ಕಾದು, ಮೇಲೆ ಇನ್ನೊಂದು ವರಸೆ. ಇಂದು ನಿನ್ನ ಗೋಡೆಗೆ ನಾನು, ನಾಳೆ ನನ್ನ ಗೋಡೆಗೆ ನೀನು, ಎಲ್ಲ ಮುಯ್ಯಾಳಿನ ಲೆಕ್ಕ. ಮಾಡಿಗೆ ಬೇಕಾದ ಬೊಂಬು, ಮರದ ಗಳು ವೀರನಹೊಸಹಳ್ಳಿಯ ಕಾಡಿನ ಕಡೆಯಿಂದ ಗಾಡಿಯಲ್ಲಿ ಬಂದವು.

ಮನೆಗಳನ್ನು ಅವರು ಸಾಲಾಗಿ ಕಟ್ಟಿದರು. ಅಲ್ಲಿ ಬೇರೆ ರೀತಿ ಕಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಎರಡು ಮನೆಯ ನಡುವೆ ಒಂದೇ ಗೋಡೆ, ಆ ಗೋಡೆಗೆ ಎರಡು ಕಡೆಯವರದೂ ದುಡಿಮೆ, ಮೇಲೆ ಉದ್ದಕ್ಕೂ ಒಂದೇ ಮಾಡು, ನಾಡಹೆಂಚು. ಅರ್ಧ ಮಣ್ಣಿನಲ್ಲಿ, ಅರ್ಧ ಬೆವರಿನಲ್ಲಿ ಮುಗಿಯುವ ಮನೆ. ಬಡವರು ಅಗ್ಗದ ಮನೆ ಕಟ್ಟುವ ಬಗೆಯನ್ನು ಯಾವ ಸರ್ಕಾರವೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಜಂಟಿ ಗೋಡೆಗೆ ಅವರದೇ ಒಂದು ನಡವಳಿಕೆಯಿತ್ತು. ಮೊದಲ ವರಸೆಯ ಮೇಲೆ ಎರಡು ಮನೆಯ ಹೆಂಗಸರೂ ಒಟ್ಟಿಗೆ ಕೈ ಒತ್ತುತ್ತಾರೆ. ಆಮೇಲೆ ಆ ಗೋಡೆಗೆ ಒಂದು ಗೂಟ ಹೊಡೆಯಬೇಕಾದರೂ ಆಚೆ ಮನೆಯವರನ್ನು ಕೇಳಿಯೇ ಹೊಡೆಯಬೇಕು. ಸಾಲಿನ ತುದಿಯ ಮನೆ ದೇವೀರಮ್ಮನದು, ಅದರ ಪಕ್ಕದ್ದು ಬೋರಯ್ಯನದು.

"ನೋಡಕ್ಕ, ನನ್ನ ಗೊರಕೆಗೂ ನಿಂಗೆ ಪಾಲು ಬತ್ತದೆ," ಎಂದು ಬೋರಯ್ಯ ಗೋಡೆಯ ಮೇಲಿಂದ ಬಗ್ಗಿ ಹೇಳಿದ್ದ.

ದೇವೀರಮ್ಮ ಕಾಲಲ್ಲಿ ಮಣ್ಣು ತುಳಿಯುತ್ತಲೇ, "ನಮ್ಮತ್ತೆ ಬೈಗುಳದಲ್ಲಿ ನಿಂಗೂ ಅರ್ಧ ಬುಟ್ಟಿವ್ನಿ ಬುಡು," ಎಂದಿದ್ದಳು.

ಒಲೆ ಹೂಡಿದ್ದು ಒಂದೇ ದಿನ, ಹನ್ನೊಂದು ಮನೆಯವರೂ. ಆ ಸೀಮೆಯಲ್ಲಿ ಊರು ಎಷ್ಟು ದೊಡ್ಡದು ಎಂದು ಕೇಳಿದರೆ ಇಷ್ಟು ಒಲೆ ಎನ್ನುತ್ತಿದ್ದರು. ಅಣ್ಣತಮ್ಮಂದಿರು ಪಾಲಾದರೆ ಒಲೆ ಬೇರೆಯಾಯಿತು ಎನ್ನುತ್ತಿದ್ದರು, ಒಂದೇ ಮಾಡಿನ ಕೆಳಗೇ ಇದ್ದರೂ. ದೇವೀರಮ್ಮ ತನ್ನ ಮೂರು ಗುಂಡುಗಳನ್ನು ಈ ಸಲ ನೆಲದಲ್ಲಿ ಅರ್ಧ ಹೂತು, ಸುತ್ತ ಮಣ್ಣು ಮೆತ್ತಿ, ಸಗಣಿ ಸಾರಿಸಿ, ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ. ಹೆಂಚಿನ ಸಂದುಗಳಿಂದ ಹನ್ನೊಂದು ಹೊಗೆ ಎದ್ದು ಮೇಲೆ ಹೋಗಿ ಒಂದಾದವು. ಈ ಚಿತ್ರ ನನ್ನ ಮನಸ್ಸಿನಲ್ಲಿ ತೀರ ಅಂದವಾಗಿ ಕೂತಿದೆ, ಅದಕ್ಕೇ ನನಗೆ ಅನುಮಾನ. ಅಂದು ಗಾಳಿ ಇತ್ತು, ಹೊಗೆಯೆಲ್ಲ ನೆಲಕ್ಕೆ ಮಲಗಿ ಎಲ್ಲರೂ ಕಣ್ಣೊರೆಸಿಕೊಂಡರು ಎಂಬುದೂ ಎಲ್ಲೋ ಉಳಿದಿದೆ. ಎರಡನೆಯದೇ ನಿಜವಿರಬೇಕು.

ಯುಗಾದಿಗೆ ಇನ್ನೂ ದಿನಗಳಿದ್ದವು. ಅಳತೆ ಸಾಹೇಬ ಬಂದ. ಯಾವ ಕಚೇರಿಯಿಂದ ಎನ್ನುವುದನ್ನು ಬಿಡುತ್ತೇನೆ, ಅವು ಎಲ್ಲ ಒಂದೇ ಬಣ್ಣದ ಗೋಡೆಯವು. ಕನ್ನಡಕ ಹಾಕಿದ, ಬಿಸಿಲಿಗೆ ಬಾಡಿದ ಹುಡುಗ, ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ಅವನ ಜವಾನ ಟೇಪು ಹಿಡಿಯಲೆಂದು ದೇವೀರಮ್ಮನ ಜಂಟಿ ಗೋಡೆಗೆ ಒಂದು ಮೊಳೆ ಬಡಿದ. ಯಾರನ್ನೂ ಕೇಳಲಿಲ್ಲ. ಅವಳು ಮೊಳೆಯನ್ನು ನೋಡಿದಳು, ಬೋರಯ್ಯನನ್ನು ನೋಡಿದಳು.

ಸಾಲಿನ ಈ ತುದಿಯಿಂದ ಆ ತುದಿಯ ತನಕ ನಡೆದು ಬಂದ ಮೇಲೆ ಅವನು ಅಂದ: "ಇಲ್ಲಿ ಒಂದೇ ಕಟ್ಟಡ ಇದೆಯಲ್ಲ. ಹನ್ನೊಂದು ಮನೆ ಅಂತ ಬರೆದುಕೊಟ್ಟಿದ್ದಾರೆ."

ಎಲ್ಲರೂ ನಕ್ಕರು. ಸಾಹೇಬರು ತಮಾಷೆ ಮಾಡುತ್ತಿದ್ದಾರೆಂದುಕೊಂಡರು. ಅವನು ತಮಾಷೆಯವನಲ್ಲ. ತಾಳ್ಮೆಯಿಂದಲೇ ವಿವರಿಸಿದ. ಹೊಸ ನಿಯಮದ ಪ್ರಕಾರ ಮನೆ ಎಂದರೆ ತನ್ನದೇ ನಾಲ್ಕು ಗೋಡೆ ಇರುವಂಥದ್ದು, ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗಾಳಿ ಬೆಳಕಿಗೆ ಮೂರು ಅಡಿ ಸಂದು ಇರಬೇಕು, ಆ ಸಂದು ಯಾರಿಗೂ ಸೇರಿದ್ದಲ್ಲ, ಅದರಲ್ಲಿ ಏನನ್ನೂ ಕಟ್ಟಕೂಡದು. ಸಂದಿಲ್ಲದ್ದು ಎಷ್ಟೇ ಉದ್ದವಿರಲಿ, ಒಂದು ಕಟ್ಟಡ. ಒಂದು ಕಟ್ಟಡ ಒಬ್ಬರ ಹೆಸರಿಗೆ. ಹನ್ನೊಂದು ಜನಕ್ಕೆ ಹಂಚಲು ಬರುವುದಿಲ್ಲ, ಆದ್ದರಿಂದ ನೆಲ ಯಾರದೋ ಅವರ ಹೆಸರಿಗೆ.

ಗಾಳಿ ಬೆಳಕಂತೆ. ಬ್ಯಾರನ್ನಿನ ಮಾಡಿನಲ್ಲಿ ಆ ಸಂಸಾರ ಹೊಗೆ ಕುಡಿಯುತ್ತಿದ್ದಾಗ ಯಾವ ನಿಯಮವೂ ಅವರ ಗಾಳಿ ಬೆಳಕನ್ನು ಕೇಳಿಕೊಂಡು ಬಂದಿರಲಿಲ್ಲ.

ದೇವೀರಮ್ಮ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಮುದ್ದೆಯ ಕೋಲಿತ್ತು. "ಒಂದು ಗಳಿಗೆ ತಡೀರಿ ಸ್ವಾಮಿ," ಎಂದಳು. "ನೀವು ಗ್ವಾಡೆ ಎಣುಸ್ತಾ ಇದೀರಿ. ಗ್ವಾಡೆ ಯಾಕೆ ಎಣುಸ್ತೀರಿ, ವಲೆ ಎಣಿಸ್ರಿ. ಒಳೀಕೆ ಬನ್ನಿ, ಒಂದೊಂದು ಮನೇಲೂ ತೋರುಸ್ತೀನಿ. ಇಲ್ಲಾಂದ್ರೆ ಸಂಜೆಗಂಟ ಕುಂತ್ಕಳಿ, ವಗೆ ಎಣಿಸ್ಕಂಡು ಓಗ್ರಿ."

"ಒಲೆ ಮನೆಯಲ್ಲಮ್ಮ," ಎಂದ ಅವನು. "ಒಲೆ ಸಾಮಾನು. ಇವತ್ತು ಇಲ್ಲಿಡ್ತೀರಿ, ನಾಳೆ ಎತ್ತಿ ಇನ್ನೊಂದು ಕಡೆ ಇಡ್ತೀರಿ."

ಅವಳ ಮುಖ ನನಗೆ ಈಗಲೂ ಕಾಣುತ್ತದೆ. ಅವನಿಗೆ ಅವಳ ಗುಂಡುಗಳ ಕಥೆ ಗೊತ್ತಿರಲಿಲ್ಲ, ಬೇಕೆಂದು ಚುಚ್ಚಿದ ಮಾತಲ್ಲ. ನನ್ನ ನೆನಪಿನಲ್ಲಿ ನಾನು ಅವಳ ಪಕ್ಕದಲ್ಲೇ ನಿಂತಿದ್ದೇನೆ, ಸಾಹೇಬನಿಗೆ ಇಂಗ್ಲಿಷಿನಲ್ಲಿ ಎದುರು ಮಾತನಾಡುತ್ತಿದ್ದೇನೆ, ಜನ ಬಾಯಿಬಿಟ್ಟು ನೋಡುತ್ತಿದ್ದಾರೆ. ಆದರೆ ಅದು ವಾರದ ದಿನ, ಮಧ್ಯಾಹ್ನ. ಶಾಲೆಗೆ ಬೀಗ ಹಾಕಿ ನಾನು ಅಲ್ಲಿಗೆ ಹೇಗೆ ಬಂದೆ? ಬಹುಶಃ ಬೋರಯ್ಯ ಸಂಜೆ ಎಲ್ಲವನ್ನೂ ಅಭಿನಯಿಸಿ ತೋರಿಸಿರಬೇಕು. ಇಂಗ್ಲಿಷ್ ಮಾತುಗಳನ್ನು ನಾನು ಆಮೇಲೆ ಎಷ್ಟೋ ವರ್ಷ ಬಸ್ಸುಗಳಲ್ಲಿ ಕೂತು ಒಬ್ಬಳೇ ಆಡಿಕೊಂಡದ್ದು.

ಯುಗಾದಿಯೊಳಗೆ ಸರಿಪಡಿಸಿದರೆ ಇನ್ನೊಮ್ಮೆ ಬಂದು ನೋಡುತ್ತೇನೆ ಎಂದು ಅವನು ಹೇಳಿಹೋಗಿದ್ದ. ನಡುವಿನ ಮನೆಯವರು ಏನು ಸರಿಪಡಿಸಿಯಾರು? ಎರಡೂ ಕಡೆ ಸಂದು ಬಿಟ್ಟು ಬೇರೆ ಗೋಡೆ ಇಟ್ಟರೆ ಒಳಗೆ ಉಳಿಯುವುದು ಒಂದು ಓಣಿ. ಎರಡು ತುದಿಯ ಮನೆಯವರಿಗೆ ಮಾತ್ರ ಒಂದು ದಾರಿಯಿತ್ತು. ಒಂದು ಕಡೆ ಕಡಿದರೆ ಸಾಕು. ಆ ತುದಿಯವರು ಕೈಚೆಲ್ಲಿದರು, ದೇವೀರಮ್ಮ ಚೆಲ್ಲಲಿಲ್ಲ. ಜಂಟಿ ಗೋಡೆ ಬೋರಯ್ಯನಿಗೆ ಉಳಿಯಲಿ, ತನ್ನ ಮನೆಯೊಳಗಿಂದ ಮೂರು ಅಡಿ ಬಿಟ್ಟು ತಾನು ಬೇರೆ ಗೋಡೆ ಇಡುತ್ತೇನೆ, ಮಾಡನ್ನು ಅಲ್ಲಿಗೆ ತುಂಡರಿಸುತ್ತೇನೆ ಎಂದಳು. ಬೋರಯ್ಯ ತನ್ನ ಕಡೆಯಿಂದ ಅರ್ಧ ಬಿಡಲು ಬಂದ. ಅವನಿಗೆ ಮಕ್ಕಳು ಹೆಚ್ಚು, ಬೇಡ ಎಂದಳು.

"ಗ್ವಾಡೆ ಬುಟ್ಟೋಯ್ತಾ ಇದೀನಿ ಕಣ ಬೋರಣ್ಣ," ಎಂದು ಕೇಳಿದಳಂತೆ. "ಓಗ್ಲಾ?"

"ಓಗಕ್ಕ. ಗೊರಕೆ ಜೋರಾಗೇ ಒಡೀತೀನಿ, ಆಚೆಗಂಟ ಕೇಳ್ಳಿ," ಎಂದು ಅವನು ಅಂದನಂತೆ. ಆಮೇಲೆ ಅತ್ತನೆಂದೂ ಹೇಳುತ್ತಾರೆ. ಅವನು ಅಳುವವನಾಗಿರಲಿಲ್ಲ, ನಾನು ನಂಬುವುದಿಲ್ಲ.

ಉಳಿದ ಹತ್ತು ಮನೆಯವರೂ ಮುಯ್ಯಿಗೆ ಬಂದರು, ವಾಪಸು ಮುಯ್ಯಿ ತೀರಿಸಿಕೊಳ್ಳುವ ಗೋಡೆ ತಮಗೆ ಇಲ್ಲದಿದ್ದರೂ. ಬೇಸಿಗೆಯ ಸುಡು ಬಿಸಿಲು. ನಿಧಾನಕ್ಕೆ ಒಣಗಬೇಕಾದ ವರಸೆಗಳು ಬೇಗ ಒಣಗಿ ಬಾಯಿಬಿಟ್ಟವು. ಹೆಂಗಸರು ಒದ್ದೆ ಗೋಣಿ ಹೊದಿಸಿದರು, ಸರದಿ ಹಾಕಿಕೊಂಡು ನೀರು ಚಿಮುಕಿಸಿದರು. ಅತ್ತೆ ಬಿಸಿಲಲ್ಲಿ ಕೂತು ಸೊಸೆಯನ್ನು ಬಿಟ್ಟು ಸರ್ಕಾರವನ್ನು ಬೈಯುತ್ತಿದ್ದಳು, ಅದೇ ಅವಳು ಮಾಡಿದ ಸಹಾಯ. ಯುಗಾದಿಯ ಮುಂಚೆ ಗೋಡೆ ಎದ್ದಿತು. ಎರಡು ಮಾಡುಗಳ ಚಾಚು ಮೇಲೆ ಹೆಚ್ಚುಕಮ್ಮಿ ಒಂದನ್ನೊಂದು ಮುಟ್ಟುವಂತಿದ್ದವು, ಕೆಳಗೆ ಮೂರು ಅಡಿ ನೆಲ.

ಸಾಹೇಬ ಬಂದು ಸಂದು ಅಳೆದ. ಸರಿಯಾಗಿದೆ ಎಂದ. ಅವಳ ಮನೆಯೊಳಗೆ ಹೋಗಿ ಅಳೆದ. ಟೇಪು ಸುತ್ತಿಕೊಂಡು ಹೊರಗೆ ಬಂದ. ಆ ದಿನ ಅಮಾವಾಸ್ಯೆ, ಶಾಲೆಗೆ ರಜೆ. ಆದ್ದರಿಂದ ಈ ಮಾತುಗಳನ್ನು ಕಿವಿಯಾರೆ ಕೇಳಿದ್ದೇನೆ.

"ಇದು ಮನೆ ಅಂತ ಬರೆಯೋಕೆ ಚಿಕ್ಕದಾಯ್ತಮ್ಮ," ಎಂದ.

ಇಷ್ಟಕ್ಕಿಂತ ಕಡಿಮೆ ನೆಲವಿದ್ದರೆ ಅದು ಮನೆಯಲ್ಲ ಎಂದು ಇನ್ನೊಂದು ಷರತ್ತಿತ್ತು. ಬಡವರನ್ನು ಯಾರೂ ಗೂಡಿನಂಥ ಕೋಣೆಗಳಲ್ಲಿ ತುರುಕದಿರಲಿ ಎಂದು, ಅವರ ಒಳ್ಳೆಯದಕ್ಕೇ. ಮೂರು ಅಡಿ ಬಿಡದಿದ್ದರೆ ಅದು ಮನೆಯಲ್ಲ. ಮೂರು ಅಡಿ ಬಿಟ್ಟರೆ ಅದು ಮನೆಯಲ್ಲ. ಅಲ್ಲಿಯ ತನಕ ನಾನು ನಿಯಮಗಳು ಎಲ್ಲೋ ಒಂದು ಕಡೆ ಒಬ್ಬ ಮನುಷ್ಯ ಯೋಚಿಸಿ ಬರೆಯುವಂಥವು ಎಂದುಕೊಂಡಿದ್ದೆ. ಮಕ್ಕಳಿಗೆ ಹಾಗೇ ಹೇಳಿಕೊಟ್ಟಿದ್ದೆ.

"ಮನೆ ಅಲ್ದಿದ್ರೆ ಇನ್ನೇನು ಅಂತ ಬರ್ಕತೀರಿ ಸ್ವಾಮಿ?" ದೇವೀರಮ್ಮ ಕೇಳಿದಳು.

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಜವಾನನೇ ಹೇಳಿದ: "ಕೊಟ್ಟಿಗೆ."

ಕೊಟ್ಟಿಗೆ ಎಂದ ಮೇಲೆ ಅದು ಪಕ್ಕದ ಕಟ್ಟಡದ ಯಜಮಾನನಿಗೆ ಸೇರಿದ್ದು. ಹತ್ತು ಮನೆಯ ಒಂದು ಕಟ್ಟಡ, ಒಂದು ಕೊಟ್ಟಿಗೆ, ಎರಡೂ ನಂಜುಂಡಪ್ಪನವರ ಹೆಸರಿಗೆ. ನಡುವಿನ ಸಂದು ಯಾರಿಗೂ ಇಲ್ಲ. ಬಡವರಿಗೆ ಮನೆ ಕಟ್ಟಲು ನೆಲ ಬಿಟ್ಟುಕೊಟ್ಟವರೆಂದು ಅವರ ಉಳಿದ ಕಲ್ಲುಹೊಲಕ್ಕೂ ವ್ಯವಸಾಯ ಮಾತ್ರ ಎಂಬ ಕಟ್ಟನ್ನು ಸರ್ಕಾರ ತೆಗೆಯಿತು. ರಸ್ತೆಯುದ್ದಕ್ಕೂ ಅಂಗಡಿ, ಮಿಲ್ಲು, ಏನು ಬೇಕಾದರೂ ಕಟ್ಟಿಕೊಳ್ಳಬಹುದಾಯಿತು. ಅವರು ಇದನ್ನು ಸಂಚು ಹೂಡಿ ಮಾಡಿದರೆಂದು ನಾನು ಹೇಳಲಾರೆ. ಅವರು ಕಸಿಯಲಿಲ್ಲ. ಕೈಗೆ ಬಂದದ್ದನ್ನು ಬೇಡ ಎನ್ನಲಿಲ್ಲ. ಅಂದು ಊಟಕ್ಕೆ ಕೂತಾಗ, ಇದನ್ನು ಕಟ್ಟಿದವರಿಗೇ ಬರೆದುಕೊಡಬಹುದಲ್ಲ ಎಂದು ನಾನು ಕೇಳಿದೆ. ಅವರು ಅನ್ನ ಕಲೆಸುತ್ತಲೇ, ಸರ್ಕಾರ ಒಂದು ಲೆಕ್ಕ ಮಾಡಿದ ಮೇಲೆ ನಾವು ಅದನ್ನು ಕೆದಕಬಾರದು ತಾಯೀ ಎಂದು ಮೆಲ್ಲಗೆ ಹೇಳಿ, ನನಗೆ ಇನ್ನಷ್ಟು ತುಪ್ಪ ಹಾಕಿಸಿದರು. ಆ ತಿಂಗಳೇ ನಾನು ಅವರ ಜಗಲಿ ಕೋಣೆ ಬಿಟ್ಟು ಶಾಲೆಯಲ್ಲೇ ಇರತೊಡಗಿದೆ.

ಹಬ್ಬದ ಮರುದಿನ ಸಂಜೆ ನಂಜುಂಡಪ್ಪನವರು ಸಾಲಿಗೆ ಬಂದರು. ನಿಮ್ಮನ್ನು ಯಾರು ಎಬ್ಬಿಸುತ್ತಾರೆ, ಇರಿ, ನಿಮ್ಮದೇ ಅಂದುಕೊಂಡು ಇರಿ ಎಂದರು. ಬಾಡಿಗೆ ಗೀಡಿಗೆ ಏನೂ ಬೇಡ. ಹೋದ ವರ್ಷ ಬ್ಯಾರನ್ನಿಗೆ ಬಂದ ಹಾಗೆ ಪ್ರತಿ ವರ್ಷ ಬಂದರೆ ಆಯಿತು. ಒಂದು ಮಳೆಗಾಲದ ಕೂಲಿಯಿಲ್ಲದ ದುಡಿಮೆ ಅಷ್ಟು ಮೆದುವಾದ ಮಾತಿನಲ್ಲಿ ಎಲ್ಲ ಮಳೆಗಾಲಗಳಿಗೂ ಹಬ್ಬಿತು. ಒಬ್ಬೊಬ್ಬರಾಗಿ ತಲೆಬಾಗಿಸಿದರು. ಮಳೆಗಾಲ ಹತ್ತಿರ ಬರುತ್ತಿತ್ತು, ಅವರನ್ನು ಯಾರು ಅಂದಾರು?

ದೇವೀರಮ್ಮ ಒಳಗೆ ಹೋದಳು. ಹಾರೆಯ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ಸೆರಗಿನಲ್ಲಿ ಮೂರು ಗುಂಡುಗಳಿದ್ದವು, ಮೆತ್ತಿದ ಮಣ್ಣು ಇನ್ನೂ ಅಂಟಿಕೊಂಡಿತ್ತು. ಊರು ಬಿಟ್ಟು ಹೋಗುತ್ತಾಳೆಂದೇ ಎಲ್ಲರೂ ತಿಳಿದರು. ಸಣ್ಣಯ್ಯ ಎದ್ದು ನಿಂತ. ಅವಳು ಸಂದಿನೊಳಗೆ ಹೋಗಿ, ಬಗ್ಗಿ, ಅಲ್ಲಿ ಗುಂಡುಗಳನ್ನು ಹೂಡಿದಳು.

"ನಿಮ್ಮ ಕೊಟ್ಟಿಗೆ ನಿಮಗಿರ್ಲಿ ಬುದ್ದೀ," ಎಂದಳು. ದನಿ ಏರಿಸಲಿಲ್ಲ, ಅವರಿಗೆ ಕೊಡುವ ಮರ್ಯಾದೆಯಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ. "ಈ ಸಂದು ನಿಮ್ದೂ ಅಲ್ವಂತೆ, ನಂದೂ ಅಲ್ವಂತೆ. ಸಾಹೇಬ್ರು ಎಲ್ರ ಮುಂದೂ ಅಂದವ್ರೆ. ನಾನಿಲ್ಲಿ ಏನೂ ಕಟ್ಟಾಕಿಲ್ಲ. ವಲೆ ಹೂಡಿವ್ನಿ. ವಲೆ ಸಾಮಾನು."

ನಂಜುಂಡಪ್ಪನವರು ಎಂದೂ ಏರದ ದನಿಯಲ್ಲಿ, "ಇದೇನು ಹಟ ಕಣಮ್ಮಿ ದೇವೀರಿ. ಮೂರಡೀಲಿ ಮೂರು ಜನ ಹೆಂಗೆ ಮಲಗ್ತೀರ?" ಎಂದು ಕೇಳಿದರು.

"ಒಬ್ರ ಕಾಲಿಗೆ ಒಬ್ರು ತಲೆ ಇಟ್ಕಂಡು ಮಲಗ್ತೀವಿ ಬುದ್ದೀ. ಉದ್ದ ಬೇಕಾದಂಗದೆ."

ಆಮೇಲೆ ಪಾತ್ರೆ ನೇತುಹಾಕಲು ಎರಡು ಗೂಟ ತಂದಳು. ಸಂದಿನ ಒಂದು ಕಡೆ ಬೋರಯ್ಯನ ಗೋಡೆ. ಗೂಟ ಆನಿಸಿ, "ಬೋರಣ್ಣ, ಒಂದು ಗೂಟ ವಡೀಲಾ?" ಎಂದು ಕೂಗಿ ಕೇಳಿದಳು. ಆಚೆಯಿಂದ, "ವಡಿಯಕ್ಕ," ಎಂದು ದನಿ ಬಂತು. ಇನ್ನೊಂದು ಕಡೆಯದು ಅವಳೇ ಬಿಸಿಲಲ್ಲಿ ಎಬ್ಬಿಸಿದ, ಈಗ ನಂಜುಂಡಪ್ಪನವರದಾದ ಕೊಟ್ಟಿಗೆಯ ಗೋಡೆ. ಅವರು ಅಲ್ಲೇ ನಿಂತಿದ್ದರು. ಆ ಗೋಡೆಗೆ ಕೇಳದೆ ಹೊಡೆದಳು.

ಆ ವರ್ಷದಿಂದ ಅವಳೂ ಸಣ್ಣಯ್ಯನೂ ಆ ಬ್ಯಾರನ್ನಿನ ಕಡೆ ತಲೆಹಾಕಲಿಲ್ಲ. ಕೂಲಿ ಕೊಡುವ ಕಡೆ, ಪಿರಿಯಾಪಟ್ಟಣದ ಹತ್ತಿರದ ಬ್ಯಾರನ್ನುಗಳಿಗೆ, ನಡೆದು ಹೋಗಿ ಬರುತ್ತಿದ್ದರು. ಮಳೆ ಹಿಡಿದಾಗ ಎರಡು ಚಾಚುಗಳ ನಡುವಿನಿಂದ ನೀರು ಒಂದೇ ಗೆರೆಯಾಗಿ ಸಂದಿನ ನಡುಮಧ್ಯಕ್ಕೆ ಬೀಳುತ್ತಿತ್ತು. ಒಲೆಯನ್ನು ಬೋರಯ್ಯನ ಗೋಡೆಗೆ ಒತ್ತಿ ಇಟ್ಟಿದ್ದರಿಂದ ಅದು ಆರಲಿಲ್ಲ. ಕಚೇರಿಯವರು ಒಮ್ಮೆ ಬಂದು ನೋಡಿ, ಗೋಡೆಯಿಲ್ಲ, ಮಾಡಿಲ್ಲ, ಏನನ್ನು ಕೆಡವುವುದು ಎಂದು ತಿಳಿಯದೆ ಹೋದರು. ಮುಂದೇನಾಯಿತು ನಾನು ಕಂಡಿಲ್ಲ. ನನ್ನನ್ನು ಹೆಗ್ಗಡದೇವನಕೋಟೆಯ ಕಡೆಗೆ ವರ್ಗ ಮಾಡಿದರು. ಅವಳು ಗೆದ್ದಳು ಎಂದು ಬರೆಯಲು ನನಗೆ ನಾಚಿಕೆ. ಮೂರು ಅಡಿಯಲ್ಲಿ ಮುದಿ ಅತ್ತೆಯನ್ನು ಮಲಗಿಸಿಕೊಂಡವಳನ್ನು ಗೆದ್ದವಳು ಎನ್ನುವುದು, ಆ ನಿಯಮ ಬರೆದವರು ಆಡಬಹುದಾದ ಮಾತು.

ಬಸ್ಸಿನ ಚಕ್ರ ಇನ್ನೂ ಬಿಚ್ಚಿಯೇ ಇತ್ತು. ನಾನು ಇಳಿದೆ. ಕಲ್ಲುಹೊಲ ಈಗ ಅಂಗಡಿ ಸಾಲು. ಗೊಬ್ಬರ, ಕಬ್ಬಿಣ, ಸೆಲೂನು, ಬೀಗ ಬಿದ್ದ ರಾಗಿ ಮಿಲ್ಲು. ಮಣ್ಣಿನ ಸಾಲು ಎಂದೋ ಹೋಗಿದೆ, ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಅಂಗಡಿಯವರಿಗೆ ಗೊತ್ತಿಲ್ಲ. ಆಚೆ ಮಣ್ಣು ನೆನೆಹಾಕಿದ್ದು ಯಾರದೋ ಹೊಸ ಗೂಡಂಗಡಿಯ ಹಿಂಬದಿ ಗೋಡೆಗಂತೆ. ಆದರೆ ಎರಡು ಸಿಮೆಂಟು ಅಂಗಡಿಗಳ ನಡುವೆ ಒಂದು ಸಂದಿದೆ. ದಾಖಲೆಯಲ್ಲಿ ಅದು ಇಂದಿಗೂ ಯಾರದೂ ಅಲ್ಲ, ಹಾಗಾಗಿ ಯಾರೂ ಮುಚ್ಚಿಲ್ಲ ಎಂದರು. ಅದೇ ಸಂದೇ ಎಂದು ನಾನು ಹೇಗೆ ಹೇಳಲಿ? ಗುಂಡುಗಳು ಇರಲಿಲ್ಲ. ಗೋಡೆಯಲ್ಲಿ ಮಸಿ ಇತ್ತು, ಆದರೆ ಅದು ಹೊಸ ಮಸಿ.

ಒಳಗೆ ಒಬ್ಬ ಹೆಂಗಸು ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ಟೀ ಕಾಯಿಸುತ್ತಿದ್ದಳು. ಹಿಂದೆ ಒಂದು ಚಾಪೆ ಉದ್ದಕ್ಕೆ ಸುತ್ತಿಟ್ಟಿತ್ತು, ಗೋಡೆಗೆ ಒಂದು ಸೀರೆ ನೇತಾಡುತ್ತಿತ್ತು. ನಾನು ನಿಂತು ಆ ಗೋಡೆಯಿಂದ ಈ ಗೋಡೆಗೆ ಕಣ್ಣಿನಲ್ಲೇ ಅಳೆಯುತ್ತಿದ್ದೆನೆಂದು ಕಾಣುತ್ತದೆ. ಅವಳ ಕೈ ಸ್ಟೌವಿನ ತಿರುಪಿನ ಮೇಲೆ ಹೋಗಿ ನಿಂತಿತು. ನನ್ನ ಕಂಕುಳಲ್ಲಿದ್ದ ಪೇಪರನ್ನು ನೋಡಿದಳು, ಕನ್ನಡಕವನ್ನು ನೋಡಿದಳು.

"ಯಾರವ್ವ ನೀವು," ಎಂದಳು. "ಅಳತೆಯವರಾ?"

ಅಲ್ಲ ಎಂದೆ. ಅವಳು ನಂಬಲಿಲ್ಲ. ಬಸ್ಸು ಕೆಟ್ಟಿದೆ, ಟೀ ಬೇಕು, ಅಷ್ಟೇ ಎಂದೆ. ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಉರಿ ಏರಿಸಿದಳು.